ನಾಮಾನನ ಸಿಟ್ಟು



ಕೃಷ್ಣರಾಜಪೇಟೆಯ ಕಡೆ ಮನೆ ಭೇಟಿಗೆ ಹೋಗಿದ್ದಾಗ ಒಬ್ಬ ಯಜಮಾನರು ಸಂತೋಷದಿಂದಲೇ ಹೇಳಿದರು: "ಒಂಬತ್ತು ದಿನದ ಜಪ ಹಿಡ್ದಿವ್ನಿ ಸ್ವಾಮಿಗಳೇ. ಸಕ್ಕರೆ ಕಾಯ್ಲೆ ಮಾತ್ರೆ ನಿಲ್ಸ್‌ಬುಟ್ಟೆ. ಮಾತ್ರೆ ನುಂಗುದ್ರೆ ದೇವ್ರನ್ನ ನಂಬ್ಲಿಲ್ಲ ಅಂತ ಆಗಕ್ಕಿಲ್ವಾ?" ಅವರ ಭಕ್ತಿಯಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿಯ ಮುಖ ನೋಡಿದ ಮೇಲೆ, ಆಶೀರ್ವಾದ ಕೊಟ್ಟು ಎದ್ದುಬರಲು ಮನಸ್ಸಾಗಲಿಲ್ಲ.

ಅರಸುಗಳ ಎರಡನೆಯ ಗ್ರಂಥದ 5ನೇ ಅಧ್ಯಾಯ ತೆರೆದೆವು. ಸಿರಿಯಾದ ಸೇನಾಧಿಪತಿ ನಾಮಾನನಿಗೆ ಕುಷ್ಠ. ಪ್ರವಾದಿ ಎಲೀಷ ಎದುರಿಗೆ ಬಂದು, ದೇವರ ಹೆಸರೆತ್ತಿ, ಕೈಯಾಡಿಸಿ ಗುಣಪಡಿಸುತ್ತಾನೆಂದು ಅವನು ಎಣಿಸಿದ್ದ. ಎಲೀಷ ಹೊರಗೇ ಬರಲಿಲ್ಲ. ಜೋರ್ಡನ್ ಹೊಳೆಯಲ್ಲಿ ಏಳು ಸಲ ಮುಳುಗು ಎಂದು ಹೇಳಿಕಳಿಸಿದ, ಅಷ್ಟೇ. ನಾಮಾನ ಸಿಟ್ಟಿಗೆದ್ದ. ದೇವರಿಗೆ ಶಕ್ತಿಯಿಲ್ಲವೆಂದಲ್ಲ ಆ ಸಿಟ್ಟು. ತಾನು ಎಣಿಸಿದ ರೀತಿಯಲ್ಲಿ ಆಗಲಿಲ್ಲವೆಂದು. ನಮ್ಮ ಸಿಟ್ಟೂ ಬಹುಪಾಲು ಇಂಥದ್ದೇ.

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣವನ್ನೇ ನೋಡಿ. 1784ರಲ್ಲಿ ಕೆನರಾ ಕರಾವಳಿಯ ಕಥೋಲಿಕರನ್ನು ಟಿಪ್ಪುವಿನ ಸೈನ್ಯ ಸೆರೆಹಿಡಿದು ಅಲ್ಲಿಗೆ ತಂದಿತು. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಸಾವಿರಾರು ಜನ ಎಂಬುದು ನಿಜ. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 15 ವರ್ಷಗಳ ಮೇಲೆ, 1799ರಲ್ಲಿ. ಆನಂತರ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ. ಜನರ ಬಾಯಲ್ಲಿ ದೊಡ್ಡಸ್ವಾಮಿಯವರು.

ಅದು ಸಿಡುಬಿನ ಕಾಲ. ಬೇಡಿಕೊಳ್ಳದ ಮನೆ ಇರಲಾರದು. ಪರಿಹಾರ ಬಂದದ್ದು ಎಲ್ಲಿಂದ? ಹಸುವಿನ ಕೆಚ್ಚಲಿನ ಗುಳ್ಳೆಯಿಂದ! ಇಂಗ್ಲೆಂಡಿನ ವೈದ್ಯ ಜೆನ್ನರ್ 1798ರಲ್ಲಿ ಪ್ರಕಟಿಸಿದ ಈ ಉಪಾಯ 1802ರಲ್ಲಿ ಭಾರತ ತಲುಪಿತು. ದ್ಯುಬುವಾ ಸ್ವಾಮಿಗಳು ಅದನ್ನು ಕೈಗೆತ್ತಿಕೊಂಡರು. 1803-04ರಲ್ಲಿ ದಾಕು ಹಾಕಿಸಿಕೊಂಡವರೆಂದು ದಾಖಲಾದವರು 25,432 ಜನ. ನಿಮ್ಮ ಮನೆಯ ಹಿರಿಯರ ತೋಳಿನಲ್ಲಿರುವ ಗುರುತು ಇದೇ ದಾಕಿನದು. 1980ರಲ್ಲಿ ಸಿಡುಬು ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು.

ಇದು ದೇವರ ಕೆಲಸವೋ, ವೈದ್ಯರದೋ? ಎರಡರಲ್ಲಿ ಒಂದನ್ನು ಆರಿಸಬೇಕಿಲ್ಲ ಎನ್ನುತ್ತಾರೆ ಸಂತ ತೋಮಾಸ್ ಅಕ್ವಿನಾಸ್. ದೇವರು ಸೃಷ್ಟಿಯ ಮೂಲಕ ಕೆಲಸ ಮಾಡುವುದು ಶಕ್ತಿ ಸಾಲದೆ ಅಲ್ಲ. ಕಾರ್ಯ ಮಾಡುವ ಗೌರವವನ್ನು ನಮಗೂ ಹಂಚುವಷ್ಟು ಒಳ್ಳೆಯವರಾಗಿರುವುದರಿಂದ.

ಹಾಗಾದರೆ 1784ರ ಹಾದಿಯಲ್ಲಿ ಸತ್ತವರು? ಅವರೂ ಪ್ರಾರ್ಥಿಸಿದ್ದರು. ಅವರ ನಂಬಿಕೆ ಕಡಿಮೆಯಿತ್ತೆಂದು ಹೇಳುವ ಧೈರ್ಯ ನನಗಿಲ್ಲ, ಯಾರೂ ಹೇಳಬಾರದು. ಶಿಲುಬೆಯ ಮೇಲಿದ್ದ ಯೇಸುಸ್ವಾಮಿಯನ್ನೂ ಯಾರೂ ಇಳಿಸಲಿಲ್ಲ. ಮೂರನೆಯ ದಿನ ಆದದ್ದನ್ನು ಶಿಷ್ಯರು ಎಣಿಸಿಯೂ ಇರಲಿಲ್ಲ. ದ್ಯುಬುವಾ ಸ್ವಾಮಿಗಳೂ ಅಷ್ಟೆ: ಇಲ್ಲಿ ಕ್ರೈಸ್ತ ಧರ್ಮ ಹರಡುವುದು ಅಸಾಧ್ಯವೆಂದು 1823ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು, 1848ರಲ್ಲಿ ತೀರಿಕೊಂಡರು. ಮೈಸೂರು 1886ರಲ್ಲಿ ಧರ್ಮಪ್ರಾಂತ್ಯವಾಯಿತು.

ಆ ಯಜಮಾನರು ಮಾತ್ರೆ ಮತ್ತೆ ಶುರುಮಾಡಿದ್ದಾರೆ, ಜಪವನ್ನೂ ಬಿಟ್ಟಿಲ್ಲ. ಈ ವಾರ ಮನೆಯ ಪ್ರಾರ್ಥನೆಯಲ್ಲಿ ನೀವೂ ನಾಮಾನನ ಅಧ್ಯಾಯ ಓದಿ. ಎಲೀಷನ ಸುದ್ದಿ ಅವನ ಮನೆಗೆ ಮುಟ್ಟಿಸಿದವಳು ಸೆರೆಯಾಗಿ ಬಂದ ಒಬ್ಬ ಪುಟ್ಟ ಹುಡುಗಿ. ಅವಳ ಹೆಸರೇನೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗ್ರಂಥದಲ್ಲಿ ಹೆಸರಿಲ್ಲ.