ಗಡಿಯೂರಿನ ವಿಚ್ಛೇದನ: ಅರ್ಜಿ ಯಾವ ಕೋರ್ಟಿಗೆ?

ಪುತ್ತೂರು ತಾಲೂಕಿನ ಈಶ್ವರಮಂಗಲದಿಂದ ಗಾಳಿಮುಖ ದಾಟಿದರೆ ಕೇರಳ. ಗಡಿಯಾಚೆ ಹೆಣ್ಣು ಕೊಡುವುದು, ತರುವುದು ಇಲ್ಲಿ ಹೊಸದಲ್ಲ. ಸಂಸಾರ ಮುರಿದಾಗ ಅರ್ಜಿ ಪುತ್ತೂರಿಗೋ, ಕಾಸರಗೋಡಿಗೋ?

1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ನೋಡಿ. ಮದುವೆ ನಡೆದ ಊರು, ಎದುರುದಾರರ ವಾಸಸ್ಥಳ, ದಂಪತಿ ಕೊನೆಗೆ ಒಟ್ಟಿಗಿದ್ದ ಜಾಗ, ಮೂರರಲ್ಲಿ ಯಾವುದಾದರೂ ಆದೀತು. 2003ರ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: ಅರ್ಜಿದಾರಳು ಹೆಂಡತಿಯಾಗಿದ್ದರೆ ಆಕೆ ಈಗಿರುವ ಊರು. ಗಡಿಯಾಚೆಯ ಆದೂರಿಗೆ ಮದುವೆಯಾಗಿ ಹೋಗಿ ತವರಿಗೆ ಮರಳಿದವಳು ಲಗ್ನಪತ್ರಿಕೆ, ಮದುವೆಯ ಫೋಟೊ, ವಿಳಾಸದ ದಾಖಲೆ ಹಿಡಿದು ಪುತ್ತೂರಿನ ಬಸ್ಸು ಹತ್ತಬಹುದು.

ಅಷ್ಟರಲ್ಲಿ ಗಂಡ ಕಾಸರಗೋಡಿನಲ್ಲಿ ದಾವೆ ಹೂಡಿದ್ದರೆ? ಅದನ್ನು ಕರ್ನಾಟಕಕ್ಕೆ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗಿದೆ. ಹೈಕೋರ್ಟಿಗೆ ಆ ಅಧಿಕಾರವಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರ ತಿದ್ದುಪಡಿಯಿಂದ ಬಂದ 13ಬಿ ಕಲಮಿನದು. ಒಂದು ವರ್ಷ ಬೇರೆಯಾಗಿದ್ದಿರಬೇಕು. ಅರ್ಜಿಯ ಬಳಿಕ ಆರು ತಿಂಗಳ ಕಾಯುವಿಕೆ. ಆ ಆರು ತಿಂಗಳು ಕಡ್ಡಾಯವಲ್ಲ, ಸೂಕ್ತ ಪ್ರಕರಣದಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದು ಎಂದದ್ದು ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪು.

ಮುಸ್ಲಿಂ ಪತ್ನಿಗೆ 1939ರ ವಿವಾಹ ವಿಸರ್ಜನಾ ಕಾಯ್ದೆ, ಅಂತರ್ಧರ್ಮೀಯ ಜೋಡಿಗೆ 1954ರ ವಿಶೇಷ ವಿವಾಹ ಕಾಯ್ದೆ. ಕುಟುಂಬ ನ್ಯಾಯಾಲಯಗಳು ಹುಟ್ಟಿದ್ದು 1984ರ ಕಾಯ್ದೆಯಿಂದ. ಅಲ್ಲಿ ಮೊದಲು ರಾಜಿಯ ಯತ್ನ, ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ.

ಹಿಂದೂ ವಿವಾಹ ಕಾಯ್ದೆಯ ವಿಚಾರಣೆ 22ನೇ ಕಲಮಿನಂತೆ ಬಾಗಿಲು ಮುಚ್ಚಿಯೇ ನಡೆಯುತ್ತದೆ.