ಕಟ್ಟಿಗೆಯಿಂದ ವಿದ್ಯುತ್ತು

ಮಹಾಕೂಟದ ಸುತ್ತಲಿನ ಹೊಲಗಳಲ್ಲಿ ತೊಗರಿಯ ರಾಶಿಯಾದ ಬಳಿಕ ಉಳಿಯುವ ಕಟ್ಟಿಗೆಯು ನಮ್ಮ ಒಲೆಗಳಿಗೆ ಉರುವಲಾಗುತ್ತದೆಂಬದು ನಿಮಗೆ ತಿಳಿದದ್ದೇ. ಕಟ್ಟಿಗೆಯು ರೊಟ್ಟಿಯನ್ನು ಬೇಯಿಸುವದಲ್ಲದೆ ದೀಪವನ್ನು ಬೆಳಗಿಸುವದಕ್ಕೂ ನೀರೆತ್ತುವದಕ್ಕೂ ಹಿಟ್ಟು ಬೀಸುವದಕ್ಕೂ ಶಕ್ತವಾಗಿದೆ. ಅದು ಹೇಗೆಂಬದನ್ನೂ, ಅದರಲ್ಲಿ ನಾವು ಯಾವದಕ್ಕೆ ಎಚ್ಚರವಾಗಿರಬೇಕೆಂಬದನ್ನೂ ಈ ಪಾಠದಲ್ಲಿ ವಿಚಾರಿಸೋಣ.

ಚೆನ್ನಾಗಿ ಒಣಗಿದ ಕಟ್ಟಿಗೆಯ ತುಂಡುಗಳನ್ನು ಮುಚ್ಚಿದ ಕುಲುಮೆಯಲ್ಲಿ ಹಾಕಿ, ಪೂರ್ಣವಾಗಿ ಉರಿಯುವದಕ್ಕೆ ಸಾಲದಷ್ಟು ಗಾಳಿಯನ್ನು ಮಾತ್ರ ಬಿಟ್ಟರೆ, ಅದು ಉರಿಯತಕ್ಕ ವಾಯುವಾಗಿ ಮಾರ್ಪಡುತ್ತದೆ. ಕಾರ್ಬನ್ ಮಾನಾಕ್ಸೈಡೂ ಜಲಜನಕವೂ ಅದರಲ್ಲಿ ಉರಿಯುವ ಮುಖ್ಯ ಅಂಶಗಳು. ಈ ವಾಯುವನ್ನು ತಣಿಸಿ, ಅದರ ಬೂದಿಯನ್ನೂ ಡಾಂಬರಿನಂಥ ಅಂಟನ್ನೂ ತೆಗೆದು ಡೀಸೆಲ್ ಎಂಜಿನ್ನಿಗೆ ಕೊಟ್ಟರೆ, ಡೀಸೆಲ್ಲಿನ ಬಹುಭಾಗ ಉಳಿಯುತ್ತದೆ. ಎಂಜಿನ್ನು ವಿದ್ಯುದ್ಯಂತ್ರವನ್ನು ತಿರುಗಿಸುತ್ತದೆ. ಆದರೆ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದ ವಿಷವಾದದರಿಂದ, ಯಂತ್ರವನ್ನು ಗಾಳಿಯಾಡದ ಕೋಣೆಯಲ್ಲಿ ನಡಿಸಲೇ ಕೂಡದು.

ಇದು ಬರಿಯ ಮಾತಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಹೊಸಹಳ್ಳಿಯೆಂಬ ಸಣ್ಣ ಊರಿಗೆ ವಿದ್ಯುತ್ತಿನ ತಂತಿ ಬಾರದಿದ್ದ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಇಂಥ ಯಂತ್ರವನ್ನು ನಡಿಸತೊಡಗಿದರು. ಉರುವಲಿಗೋಸ್ಕರ ಊರ ಬಳಿಯಲ್ಲಿಯೇ ಮರಗಳನ್ನು ಬೆಳೆಸಿದರು. ಮೊದಲು ಚಿಕ್ಕದಾಗಿದ್ದ ಯಂತ್ರವು ಮುಂದೆ 20 ಕಿಲೋವ್ಯಾಟಿನದಾಯಿತು. ಹದಿನಾಲ್ಕು ವರುಷಗಳಿಗೂ ಮೀರಿ ಅದು ಮನೆಗಳಿಗೆ ಬೆಳಕನ್ನೂ ಕುಡಿಯುವ ನೀರನ್ನೂ ಹೊಲಕ್ಕೆ ನೀರನ್ನೂ ಹಿಟ್ಟಿನ ಗಿರಣಿಗೆ ಬಲವನ್ನೂ ಕೊಟ್ಟಿತು.

ಅಲ್ಲಿನ ಲೆಕ್ಕದಿಂದ ನಾವು ಕಲಿಯತಕ್ಕದ್ದು ಉಂಟು. 5 ಕಿಲೋವ್ಯಾಟಿನಷ್ಟೇ ಉಪಯೋಗಿಸಿದಾಗ ಒಂದು ಯೂನಿಟ್ಟಿನ ಉರುವಲಿಗೂ ನಡಿಸುವಿಕೆಗೂ 5 ರೂಪಾಯಿ 85 ಪೈಸೆ ತಗಲಿತು. ಪೂರ್ಣ 20 ಕಿಲೋವ್ಯಾಟನ್ನು ಉಪಯೋಗಿಸಿದಾಗ 3 ರೂಪಾಯಿ 34 ಪೈಸೆ ಮಾತ್ರ. ಯಾಕಂದರೆ ನಾಲ್ಕು ದೀಪ ಉರಿದರೂ ನಲವತ್ತು ಉರಿದರೂ ಯಂತ್ರ ನೋಡುವವನ ಕೂಲಿ ಒಂದೇ. ಆದುದರಿಂದ ದೀಪದ ಸಂಗಡ ಗಿರಣಿಯೂ ಪಂಪೂ ಕೂಡಿ ನಡೆದರೇ ಊರಿಗೆ ಅದು ಹಗುರವಾಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಒಂದು ಯೂನಿಟ್ಟಿಗೆ ಸುಮಾರು 1 ಕಿಲೋಗ್ರಾಂ ಕಟ್ಟಿಗೆ ಬೇಕು. 20 ಕಿಲೋವ್ಯಾಟಿನ ಯಂತ್ರವನ್ನು ದಿನಕ್ಕೆ ಐದು ತಾಸು ನಡಿಸಿದರೆ ಒಂದು ಕ್ವಿಂಟಲ್, ವರುಷಕ್ಕೆ 365 ಕ್ವಿಂಟಲ್ ಆಯಿತು. ನಮ್ಮ ಜಿಲ್ಲೆಯ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳವರು ಕಬ್ಬಿನ ಸಿಪ್ಪೆಯನ್ನು ಉರಿಸಿ ಹಬೆಯಿಂದ ವಿದ್ಯುತ್ತನ್ನು ಹುಟ್ಟಿಸುತ್ತಾರೆ. ಅವರಿಗೆ ಉರುವಲು ಅಂಗಳದಲ್ಲಿಯೇ ರಾಶಿಯಾಗಿ ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ. ಹೊಲವಿಲ್ಲದ ಬಡ ಹೆಂಗಸು ಆಯ್ದು ತರುವ ತೊಗರಿಕಟ್ಟಿಗೆಯನ್ನು ಯಂತ್ರಕ್ಕೆ ಕೊಟ್ಟರೆ, ಒಬ್ಬರ ಮನೆಯಲ್ಲಿ ದೀಪ ಹತ್ತುವಾಗ ಆಕೆಯ ಒಲೆಯು ಆರುವದು. ಆದಕಾರಣ ಮೊದಲು ಬಂಜರಿನಲ್ಲಿ ಹಬ್ಬಿದ ಬಳ್ಳಾರಿ ಜಾಲಿಯನ್ನು ಕಡಿಯುವದೂ, ಊರ ಒಡೆತನದ ಭೂಮಿಯಲ್ಲಿ ಮರ ನೆಡುವದೂ ಯುಕ್ತ. ಯಂತ್ರವನ್ನು ತರುವದು ಆ ಮೇಲಿನ ಮಾತು. ಈಗ ತಂತಿಯ ವಿದ್ಯುತ್ತು ನಮಗೆ ಬಂದಿರುವದರಿಂದ ಅವಸರ ಮಾಡುವದಕ್ಕೆ ಕಾರಣವಿಲ್ಲ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಕುಲುಮೆಗೆ ಗಾಳಿಯನ್ನು ಕಡಿಮೆ ಬಿಡುವದು ಯಾಕೆ?
2. ಹೆಚ್ಚು ಉಪಯೋಗಿಸಿದರೆ ಯೂನಿಟ್ಟಿನ ಖರ್ಚು ಇಳಿಯುವದು ಹೇಗೆ?
3. ನಮ್ಮ ಊರಿನಲ್ಲಿ ಯಾರ ಒಲೆಗೂ ಸಲ್ಲದೆ ಹಾಳಾಗುವ ಕಟ್ಟಿಗೆ ಎಷ್ಟುಂಟು?