ಹೌದು ಅಂದವರಿಗಷ್ಟೇ ಕಳಿಸಿ

ಪ್ರಶ್ನೆ: ದೋಹಾದಲ್ಲಿ ಪಿಎಚ್‌ಪಿ ಪ್ರೋಗ್ರಾಮರ್ ಆಗಿದ್ದೇನೆ. ಬಿಡುವಿನಲ್ಲಿ ಇಲ್ಲಿನ ಒಂದು ಕನ್ನಡ ಬಳಗದ ಜಾಲತಾಣ ನೋಡಿಕೊಳ್ಳುತ್ತೇನೆ. ರಾಜ್ಯೋತ್ಸವದಿಂದ ಪ್ರತಿ ತಿಂಗಳೂ ಇಮೇಲ್‌ನಲ್ಲಿ ಸುದ್ದಿಪತ್ರ ಹೋಗಬೇಕು, ಅದಕ್ಕೊಂದು ಮಾಡ್ಯೂಲ್ ಮಾಡಿಕೊಡು ಎಂದು ಸಮಿತಿಯ ಹಿರಿಯರು ಹೇಳಿದ್ದಾರೆ. ಹಳೆಯ ಕಾರ್ಯಕ್ರಮಗಳ ನೋಂದಣಿಯಿಂದ ಕೂಡಿಸಿದ ಸುಮಾರು ಎರಡು ಸಾವಿರ ವಿಳಾಸಗಳ ಎಕ್ಸೆಲ್ ಶೀಟನ್ನೂ ಕೊಟ್ಟಿದ್ದಾರೆ. ಪರೀಕ್ಷೆಗೆ ಕಳಿಸಿದ ಮೇಲ್‌ಗಳು ಸ್ಪ್ಯಾಮ್‌ಗೆ ಬಿದ್ದವು, ಶೀರ್ಷಿಕೆಯ ಕನ್ನಡ ಅಕ್ಷರಗಳು ಕಲಸಿಹೋದವು. ಅದಕ್ಕಿಂತ ಹೆಚ್ಚಾಗಿ, ಕೇಳದವರಿಗೆಲ್ಲ ಮೇಲ್ ಕಳಿಸಿ ಈ ದೇಶದಲ್ಲಿ ತೊಂದರೆಗೆ ಸಿಕ್ಕಿಕೊಳ್ಳುತ್ತೇನೇನೋ ಎಂಬ ಭಯ. ಆಗುವುದಿಲ್ಲ ಎಂದರೆ ಹಿರಿಯರಿಗೆ ಬೇಸರ. ಏನು ಮಾಡಲಿ?
ಹೆಸರು ಬೇಡ, ಅಲ್ ಮನ್ಸೂರಾ, ದೋಹಾ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ಆ ಶೀಟ್‌ನಲ್ಲಿರುವ ವಿಳಾಸಗಳಿಗೆ ಸುದ್ದಿಪತ್ರ ಕಳಿಸಬೇಡಿ.

ಕತಾರ್ 2016ರಲ್ಲೇ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 13ನೇ ಸಂಖ್ಯೆಯ ಕಾನೂನು ತಂದಿತು. ಪ್ರಚಾರದ ಇಮೇಲನ್ನು ಪಡೆಯುವವರ ಮುಂಗಡ ಒಪ್ಪಿಗೆ ಇಲ್ಲದೆ ಕಳಿಸುವಂತಿಲ್ಲ ಎನ್ನುತ್ತದೆ ಅದರ 22ನೇ ವಿಧಿ. ಕಳಿಸಿದವರು ಯಾರು ಎಂಬುದು ಮೇಲ್‌ನಲ್ಲಿ ಸ್ಪಷ್ಟವಾಗಿರಬೇಕು; ಬೇಡ ಎನ್ನಲು ಸುಲಭವಾಗಿ ತಲುಪುವ ವಿಳಾಸವೂ ಇರಬೇಕು. ಮೀರಿದರೆ ದಂಡ ಹತ್ತು ಲಕ್ಷ ರಿಯಾಲ್‌ವರೆಗೆ ಹೋಗಬಹುದು. ‘ನಮ್ಮದು ವ್ಯಾಪಾರವಲ್ಲ, ಬಳಗದ ಸುದ್ದಿ’ ಎಂದು ಹಿರಿಯರು ಹೇಳಬಹುದು. ಆದರೆ ಸುದ್ದಿಪತ್ರದ ಕೊನೆಗೆ ಪ್ರಾಯೋಜಕರ ಹೋಟೆಲ್, ಟ್ರಾವೆಲ್ಸ್, ಚಿನ್ನದಂಗಡಿಯ ಜಾಹೀರಾತು ಬಾರದೇ ಇರುತ್ತದೆಯೇ? ಬಂದ ಕ್ಷಣ ಅದು ಪ್ರಚಾರವೂ ಆಗುತ್ತದೆ. ಕಾರ್ಯಕ್ರಮದ ಊಟದ ಲೆಕ್ಕಕ್ಕೆಂದು ಕೊಟ್ಟ ವಿಳಾಸವನ್ನು ಒಪ್ಪಿಗೆ ಎಂದು ಎಣಿಸುವುದು, ಕಾನೂನಿನ ಮಾತು ಹಾಗಿರಲಿ, ಕೊಟ್ಟವರ ನಂಬಿಕೆಗೆ ಮಾಡುವ ಅನ್ಯಾಯ.

ಹಿರಿಯರೊಡನೆ ಮಾತಾಡುವಾಗ ‘ಆಗುವುದಿಲ್ಲ’ ಎಂದು ಶುರು ಮಾಡಬೇಡಿ. ಬದಲಿ ದಾರಿ ಕೈಯಲ್ಲಿಟ್ಟುಕೊಂಡು ಹೋಗಿ. ರಾಜ್ಯೋತ್ಸವದ ಸಭಾಂಗಣದ ಬಾಗಿಲಲ್ಲಿ ಒಂದು ಕ್ಯೂಆರ್ ಕೋಡ್ ಹಾಕೋಣ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದೇ ಲಿಂಕ್ ಹಂಚೋಣ, ಬೇಕೆಂದವರು ತಾವೇ ಸೇರಲಿ ಎನ್ನಿ. ಜೊತೆಗೆ ಅವರಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು ನೆನಪಿಸಿ: ಆ ಪಟ್ಟಿಯಲ್ಲಿ ಕಂಪನಿ ಕೊಟ್ಟ ವಿಳಾಸಗಳು ಎಷ್ಟಿವೆ, ಆ ಕಂಪನಿ ಬಿಟ್ಟು ಮಂಗಳೂರಿಗೋ ಬೆಂಗಳೂರಿಗೋ ಹಿಂತಿರುಗಿದವರು ಎಷ್ಟು ಮಂದಿ? ಕೆಲಸ ಬಿಟ್ಟ ಮೇಲೆ ಆ ವಿಳಾಸವೂ ಸಾಯುತ್ತದೆ. ಸತ್ತ ವಿಳಾಸಗಳಿಗೆ ಒಮ್ಮೆಲೇ ನೂರಾರು ಮೇಲ್ ಹೋದರೆ ಜಿಮೇಲ್‌ನಂಥ ಸೇವೆಗಳು ನಿಮ್ಮ ಡೊಮೇನನ್ನೇ ಸಂಶಯದಿಂದ ನೋಡತೊಡಗುತ್ತವೆ. ಆಮೇಲೆ ಬೇಕೆಂದವರಿಗೆ ಕಳಿಸಿದ್ದೂ ಸ್ಪ್ಯಾಮ್‌ಗೇ ಬೀಳುತ್ತದೆ. ಎರಡು ಸಾವಿರಕ್ಕೆ ಕಳಿಸಿ ಯಾರಿಗೂ ತಲುಪದಿರುವುದಕ್ಕಿಂತ ಇನ್ನೂರು ಮಂದಿ ಓದುವುದು ಬಳಗಕ್ಕೆ ಲಾಭ. ಈ ಮಾತು ಹಿರಿಯರಿಗೆ ಒಪ್ಪಿಗೆಯಾಗುತ್ತದೆ ಎಂದೇ ನನ್ನ ನಂಬಿಕೆ.

ಇನ್ನು ಮಾಡ್ಯೂಲ್. ಫಾರ್ಮ್‌ನಲ್ಲಿ ಹೆಸರು, ಇಮೇಲ್ ಸಾಕು. ಮಕ್ಕಳ ವಯಸ್ಸು, ಧರ್ಮ ಕೇಳುವ ಆಸೆ ಯಾರಿಗಾದರೂ ಬಂದರೆ ತಡೆಯಿರಿ. ಅವನ್ನು ಅಲ್ಲಿನ ಕಾನೂನು ವಿಶೇಷ ಸ್ವರೂಪದ ಮಾಹಿತಿ ಎಂದು ಬೇರೆಯಾಗಿಟ್ಟಿದೆ, ಸಂಬಂಧಪಟ್ಟ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಫಾರ್ಮ್ ತುಂಬಿದ ಕೂಡಲೇ ಪಟ್ಟಿಗೆ ಸೇರಿಸಬೇಡಿ. ಆ ವಿಳಾಸಕ್ಕೆ ಒಂದು ದೃಢೀಕರಣ ಮೇಲ್ ಹೋಗಲಿ, ಅದರಲ್ಲಿರುವ ಲಿಂಕ್ ಒತ್ತಿ ತೆರೆಯುವ ಪುಟದಲ್ಲಿ ‘ಹೌದು, ನನಗೆ ಬೇಕು’ ಎಂಬ ಬಟನ್ ಇರಲಿ. ಬಟನ್ ಯಾಕೆಂದರೆ, ಹಲವು ಕಂಪನಿಗಳ ಭದ್ರತಾ ತಂತ್ರಾಂಶ ಮೇಲ್‌ನೊಳಗಿನ ಲಿಂಕ್‌ಗಳನ್ನು ತಾನೇ ತೆರೆದು ನೋಡುತ್ತದೆ. ಬರೀ ಲಿಂಕ್ ತೆರೆದದ್ದನ್ನೇ ಒಪ್ಪಿಗೆ ಎಂದುಕೊಂಡರೆ ಯಂತ್ರ ಒಪ್ಪಿದಂತಾಯಿತು. ಲಿಂಕ್‌ನ ಟೋಕನ್‌ಗೆ ಸದಸ್ಯ ಸಂಖ್ಯೆ ಬಳಸದೆ ‘ರ‍್ಯಾಂಡಮ್ ಬೈಟ್ಸ್’ ಫಂಕ್ಷನ್ ಬಳಸಿ. ಒಪ್ಪಿದ ದಿನ, ಹೊತ್ತು, ಆಗ ಫಾರ್ಮ್‌ನಲ್ಲಿ ಏನು ಬರೆದಿತ್ತು, ಮೂರನ್ನೂ ಟೇಬಲ್‌ನಲ್ಲಿ ಉಳಿಸಿ. ನಾಳೆ ಯಾರಾದರೂ ಪ್ರಶ್ನಿಸಿದರೆ ನಿಮ್ಮ ಕೈಯಲ್ಲಿರುವ ಉತ್ತರ ಅದೊಂದೇ.

ಕಳಿಸುವಾಗ ಪಿಎಚ್‌ಪಿಯ ಹಳೆಯ ಮೇಲ್ ಫಂಕ್ಷನ್ ಬಿಟ್ಟುಬಿಡಿ. ಪಿಎಚ್‌ಪಿಮೇಲರ್ ಅಥವಾ ಸಿಂಫನಿ ಮೇಲರ್ ಹಾಕಿ, ಲಾಗಿನ್ ಇರುವ ಎಸ್‌ಎಂಟಿಪಿ ಮೂಲಕ ಕಳಿಸಿ. ಬಟನ್ ಒತ್ತಿದ ಕೂಡಲೇ ಒಂದೇ ಲೂಪ್‌ನಲ್ಲಿ ಎಲ್ಲರಿಗೂ ಕಳಿಸಲು ಹೋದರೆ ಸರ್ವರ್ ನಡುವೆಯೇ ಕೈಬಿಡುತ್ತದೆ, ಯಾರಿಗೆ ಹೋಯಿತು ಯಾರಿಗೆ ಇಲ್ಲ ಎಂದು ತಿಳಿಯದೆ ಅರ್ಧ ಮಂದಿಗೆ ಎರಡೆರಡು ಪ್ರತಿ ಹೋಗುತ್ತದೆ. ಹಾಗಾಗಿ ಒಬ್ಬೊಬ್ಬರ ಮೇಲನ್ನೂ ಒಂದು ಸಾಲಾಗಿ ಡೇಟಾಬೇಸ್‌ನ ಸರದಿ ಟೇಬಲ್‌ಗೆ ಹಾಕಿ, ಕೆಲವು ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಕೆಲಸ ಅದರಿಂದ ಸ್ವಲ್ಪಸ್ವಲ್ಪವೇ ತೆಗೆದು ಕಳಿಸಲಿ. ಗಂಟೆಗೆ ಎಷ್ಟು ಮೇಲ್ ಬಿಡುತ್ತಾರೆಂದು ಹೋಸ್ಟಿಂಗ್‌ನವರನ್ನು ಮೊದಲೇ ಕೇಳಿ. ವಿಳಾಸವೇ ಇಲ್ಲವೆಂದು ವಾಪಸು ಬಂದವನ್ನು ಪಟ್ಟಿಯಿಂದ ತೆಗೆಯುವ ಏರ್ಪಾಟೂ ಬೇಕು. ಜನ ಸದಾ ಬಂದುಹೋಗುವ ನಿಮ್ಮ ಊರಿಗೆ ಇದು ಬೇರೆಡೆಗಿಂತ ಹೆಚ್ಚು ಮುಖ್ಯ.

ಕನ್ನಡ ಕಲಸಿಹೋದದ್ದಕ್ಕೆ ಕಾರಣ ಬಹುಪಾಲು ಒಂದೇ ಸಾಲು. ಪಿಎಚ್‌ಪಿಮೇಲರ್ ತಾನಾಗಿ ಹಿಡಿಯುವುದು ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಗಳಿಗೆಂದು ಇರುವ ಐಎಸ್‌ಒ-8859-1 ಸಂಕೇತ. ಅದನ್ನು ಯುಟಿಎಫ್-8 ಎಂದು ನೀವೇ ಬದಲಿಸಬೇಕು, ಮೇಲ್ ಫಂಕ್ಷನ್ ಆದರೆ ಶೀರ್ಷಿಕೆಯನ್ನು ಬೇರೆಯಾಗಿ ಎನ್‌ಕೋಡ್ ಮಾಡಬೇಕು. ಮೈಎಸ್‌ಕ್ಯೂಎಲ್ ಟೇಬಲ್‌ಗೆ ಯುಟಿಎಫ್8ಎಂಬಿ4 ಇರಲಿ, ಎಮೋಜಿಯೂ ಉಳಿಯುತ್ತದೆ. ಹಿರಿಯರು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಲೇಖನ ಕೊಟ್ಟರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇನ್ನೊಂದು ಮಾತು. ಯುಟಿಎಫ್-8ರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ‘ಕ್ಷ’ ಒಂದಕ್ಕೇ ಒಂಬತ್ತು. ಜಿಮೇಲ್ ಸುಮಾರು 102 ಕೆಬಿ ದಾಟಿದ ಮೇಲನ್ನು ಅಲ್ಲಿಗೇ ಕತ್ತರಿಸಿ ತೋರಿಸುತ್ತದೆ. ಉದ್ದ ಲೇಖನಗಳನ್ನೆಲ್ಲ ಮೇಲ್‌ನೊಳಗೇ ತುಂಬಿದರೆ ಕೊನೆಯಲ್ಲಿರುವ ‘ನನಗಿನ್ನು ಬೇಡ’ ಲಿಂಕೇ ಕಾಣದೆ ಹೋಗುತ್ತದೆ. ಆಗ ಓದುಗರಿಗೆ ಉಳಿಯುವುದು ಸ್ಪ್ಯಾಮ್ ಬಟನ್ ಮಾತ್ರ. ಲೇಖನದ ನಾಲ್ಕು ಸಾಲು ಹಾಕಿ, ಉಳಿದದ್ದಕ್ಕೆ ಜಾಲತಾಣದ ಲಿಂಕ್ ಕೊಡಿ.

ಸ್ಪ್ಯಾಮ್‌ನ ಸಮಸ್ಯೆಗೆ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ, ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬನ್ನೂ ಕೇಳುತ್ತದೆ. ನೀವು ಅಷ್ಟು ದೊಡ್ಡವರಲ್ಲ, ಆದರೂ ಮಾಡಿ. ಬೇಡ ಅನ್ನುವವರಿಂದ ಪಾಸ್‌ವರ್ಡ್ ಕೇಳಬೇಡಿ, ಕಾರಣ ಹೇಳಲು ಒತ್ತಾಯಿಸಬೇಡಿ. ಸಮಯವಲಯವನ್ನು ಏಷ್ಯಾ/ಕತಾರ್ ಎಂದಿಟ್ಟು ಗುರುವಾರ ಸಂಜೆ ಹೊರಡುವಂತೆ ಮಾಡಿದರೆ ಶುಕ್ರವಾರ, ಶನಿವಾರದ ರಜೆಯಲ್ಲಿ ಜನ ಓದುತ್ತಾರೆ.

ಕೊನೆಯದಾಗಿ, ಡೊಮೇನ್, ಹೋಸ್ಟಿಂಗ್, ಎಸ್‌ಎಂಟಿಪಿ ಖಾತೆ ಯಾವುದನ್ನೂ ನಿಮ್ಮ ಹೆಸರಿನಲ್ಲಿ, ನಿಮ್ಮ ಬ್ಯಾಂಕ್ ಕಾರ್ಡಿನಲ್ಲಿ ತೆಗೆಯಬೇಡಿ. ಎಲ್ಲವೂ ಬಳಗದ ಹೆಸರಿನಲ್ಲಿರಲಿ, ಸಮಿತಿಯ ಇಬ್ಬರಿಗಾದರೂ ಪಾಸ್‌ವರ್ಡ್ ಗೊತ್ತಿರಲಿ. ನಿಮಗೆ ಬೇರೆ ದೇಶದಲ್ಲಿ ಕೆಲಸ ಸಿಕ್ಕ ದಿನ ಸುದ್ದಿಪತ್ರವೂ ನಿಲ್ಲಬಾರದು, ಸದಸ್ಯರ ವಿಳಾಸಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಉಳಿಯಲೂಬಾರದು. ಆ ಎಕ್ಸೆಲ್ ಶೀಟಿನ ಪ್ರತಿಯನ್ನು ಹಿರಿಯರಿಗೆ ತಿಳಿಸಿ ಇವತ್ತೇ ಅಳಿಸಿಬಿಡಿ.